ಜುಂಜಮ್ಮನ ಒಂಟಿ ಹಗ್ಗ

ದೊಡ್ಡಉಳ್ಳಾರ್ತಿಯ ಕಾವಲಿನ ಹುಲ್ಲುಬಯಲ ಮೇಲೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಊರಾಚೆಯ ಹಳೇ ಹುಣಸೆಮರವನ್ನು ಜುಂಜಮ್ಮ ಎರಡನೇ ಸಲ ಸುತ್ತು ಹಾಕುತ್ತಿದ್ದಾರೆ. ಗಂಡನ ತುಂಬುತೋಳಿನ ಅಂಗಿ, ದಪ್ಪ ಬಟ್ಟೆಯ ಪ್ಯಾಂಟು, ತಲೆಗೆ ಹೆಲ್ಮೆಟ್ಟು. ಕೈಯಲ್ಲೊಂದು ಮರದ ಕೊಡತಿ. ಬುಡಕ್ಕೆ ಬಡಿಯುತ್ತಾರೆ, ಕಿವಿಯಾನಿಸಿ ಕೇಳುತ್ತಾರೆ, ಮತ್ತೆರಡು ಹೆಜ್ಜೆ ಸರಿಯುತ್ತಾರೆ.

"ಈ ಕಡೆ ಗಟ್ಟಿ ಐತೆ. ಆ ಕಡೆ ಡೊಳ್ಳು ಬಡ್ದಂಗೆ ಕೇಳ್ತೈತೆ ನೋಡ್ರಿ, ಒಳಗೆ ಲಡ್ಡಾಗೈತೆ. ಮರ ತಾನೇ ಹೇಳ್ತೈತೆ, ನಾವು ಕೇಳ್ಬೇಕು ಅಷ್ಟೆ."

ರಸ್ತೆಯ ಮೇಲೆ ತೂಗಾಡುತ್ತಿರುವ ಒಡೆದ ಕೊಂಬೆಯೊಂದನ್ನು ಶಾಲೆ ಮಕ್ಕಳು ಓಡಾಡುವ ಹೊತ್ತಿಗೆ ಮೊದಲೇ ಇಳಿಸಬೇಕು. ಬಿಸಿಲೇರಿದರೆ ಈ ಬಯಲಲ್ಲಿ ಗಾಳಿ ಏಳುತ್ತದೆ. ಅದಕ್ಕೇ ಇಷ್ಟು ಬೇಗ.

ಸೀಸದ ಗುಂಡು ತುಂಬಿದ ಅಂಗೈಯಗಲದ ಚೀಲ, ಅದಕ್ಕೆ ಕಟ್ಟಿದ ತೆಳ್ಳನೆಯ ದಾರ. ಎರಡೂ ಕೈಯಲ್ಲಿ ಹಿಡಿದು ಕಾಲುಗಳ ನಡುವೆ ತೂಗಿ, ಜುಂಜಮ್ಮ ಅದನ್ನು ಮೇಲಕ್ಕೆ ಎಸೆಯುತ್ತಾರೆ. ಐವತ್ತು ಅಡಿ ಎತ್ತರದ ಕವಲೊಂದನ್ನು ದಾಟಿ ಚೀಲ ಆಚೆ ಕಡೆ ನೆಲಕ್ಕೆ ಬೀಳುತ್ತದೆ. ದಾರದ ಹಿಂದೆ ಹಗ್ಗ ಏರುತ್ತದೆ, ಹೆಬ್ಬೆರಳಿನಷ್ಟೂ ದಪ್ಪವಿಲ್ಲದ ಹಗ್ಗ. ಅದರ ಒಂದು ತುದಿಯನ್ನು ಮೈದುನ ಮಾರುತೇಶ ಮರದ ಬುಡಕ್ಕೆ, ಹಗ್ಗವನ್ನು ಹಿಡಿದು ಹಿಡಿದು ಬಿಡುವ ಒಂದು ಕಬ್ಬಿಣದ ಬಿಗಿಯ ಮೂಲಕ ಕಟ್ಟುತ್ತಾನೆ. ಆಮೇಲೆ ಇಬ್ಬರೂ ಇನ್ನೊಂದು ತುದಿಗೆ ಜೋತುಬೀಳುತ್ತಾರೆ. ಮೇಲಿನ ಕವಲು ಅಲ್ಲಾಡುವುದಿಲ್ಲ.

"ಹೋಗ್ಲೇನೋ?"

"ಹೋಗ್ರಿ ಅತ್ತಿಗೆ. ಬುಡ ನಂದು."

ಆಮೇಲಿನದನ್ನು ನೋಡಿಯೇ ನಂಬಬೇಕು. ಪಾದಕ್ಕೊಂದು, ಮೊಣಕಾಲಿಗೊಂದು, ಹಗ್ಗವನ್ನು ಕಚ್ಚಿಹಿಡಿಯುವ ಹಲ್ಲಿನ ಹಿಡಿಕೆ. ಹಗ್ಗದ ಮೇಲೆ ಅವು ಮೇಲಕ್ಕೆ ಸರಿಯುತ್ತವೆ, ಕೆಳಕ್ಕೆ ಜಾರುವುದಿಲ್ಲ. ಸೊಂಟ ತೊಡೆಗಳಿಗೆ ಬಿಗಿದ ಪಟ್ಟಿ ಇಡೀ ಮೈಯ ಭಾರ ಹೊರುತ್ತದೆ. ಎಡ, ಬಲ, ಎಡ, ಬಲ. ನಲವತ್ತಮೂರು ವರ್ಷದ ಹೆಂಗಸೊಬ್ಬರು ಮರವನ್ನು ಮುಟ್ಟದೆ, ಬರೀ ಗಾಳಿಯಲ್ಲಿ ಮೆಟ್ಟಿಲು ಹತ್ತಿದಂತೆ ನಡೆದು ಎಲೆಗಳೊಳಗೆ ಮರೆಯಾಗುತ್ತಾರೆ.

ಜುಂಜಮ್ಮ ಹುಟ್ಟಿದ್ದು ಸಿದ್ದಾಪುರದ ಬಂಡೆಗಳ ನಡುವೆ. ಹುಣಸೆ ಸುಗ್ಗಿಯಲ್ಲಿ ಗಂಡಸರು ಹತ್ತಿ ಕೊಂಬೆ ಅಲುಗಿಸುವುದು, ಹೆಂಗಸರು ಕೆಳಗೆ ಕೂತು ಹಣ್ಣು ಆಯುವುದು ವಾಡಿಕೆ. "ಮೂವತ್ತು ವರ್ಷ ಬಗ್ಗಿದ್ದೇ ಬಗ್ಗಿದ್ದು. ಮರದ ತಲೆ ಹೆಂಗಿರ್ತೈತೆ ಅಂತ ನೋಡಿದ್ದೇ ಇಲ್ಲ," ಎಂದು ಅವರು ನಗುತ್ತಾರೆ.

ಆರು ವರ್ಷದ ಹಿಂದೆ ಕುದಾಪುರದ ಬಳಿಯ ಒಂದು ಕ್ಯಾಂಪಸ್ಸಿನಲ್ಲಿ ಮರ ಸವರಲು ಹೊರಗಿನಿಂದ, ಹೀಗೆ ಹಗ್ಗದ ಮೇಲೆ ಹತ್ತುವ ತಂಡವೊಂದು ಬಂತು. ಕಡಿದ ಸೊಪ್ಪು ಹೊರುವ ಕೂಲಿಗೆ ಜುಂಜಮ್ಮ ಹೋದರು. ಎಂಟು ದಿನ ಸೊಪ್ಪು ಹೊತ್ತರು, ಎಂಟೂ ದಿನ ಕತ್ತೆತ್ತಿ ನೋಡಿದರು. ಒಂಬತ್ತನೆಯ ದಿನ ಊಟದ ಹೊತ್ತಿಗೆ ತಂಡದ ಹಿರಿಯನ ಮುಂದೆ ನಿಂತು, "ಮೇಷ್ಟ್ರೇ, ನಾನೊಂದ್ಸಲ ಹತ್ಲಾ?" ಎಂದರು. ಹುಡುಗರು ನಕ್ಕರು. ಮೇಷ್ಟ್ರು ನಗಲಿಲ್ಲ. ನಾಲ್ಕು ಬಗೆಯ ಗಂಟು ಹಾಕುವುದನ್ನು ಒಮ್ಮೆ ತೋರಿಸಿ ಹಗ್ಗವನ್ನು ಅವರ ಕೈಗಿಟ್ಟರು. ಜುಂಜಮ್ಮ ನಾಲ್ಕೂ ಗಂಟುಗಳನ್ನು ತಪ್ಪಿಲ್ಲದೆ ಹಾಕಿದರು. ಎಂಟು ದಿನದಿಂದ ಮನೆಯಲ್ಲಿ ಸೀರೆಯ ಸೆರಗಿನಲ್ಲೇ ಕಲಿಯುತ್ತಿದ್ದರಂತೆ.

ತಂಡ ಮತ್ತೆ ಮತ್ತೆ ಬಂತು, ಜುಂಜಮ್ಮ ಅವರೊಡನೆ ದುಡಿಯುತ್ತ ಎರಡು ವರ್ಷ ಕಲಿತರು. ಹೊರಡುವಾಗ ಮೇಷ್ಟ್ರು ಒಂದು ಜೊತೆ ಸಾಮಾನು ಬಿಟ್ಟುಹೋದರು. ಅಲ್ಲಿಂದೀಚೆಗೆ ಸುಮಾರು ಆರುನೂರು ಮರಗಳು. ಸುಗ್ಗಿಯಲ್ಲಿ ಕೆಲಸವಿದ್ದ ದಿನ ಮೂರು, ಉಳಿದ ತಿಂಗಳುಗಳಲ್ಲಿ ವಾರಕ್ಕೊಂದು. ಪ್ರತಿ ಸಲ ಮೈಮೇಲೆ ಹತ್ತು ಕೆಜಿ ಭಾರ. ಒಮ್ಮೆಯೂ ಬಿದ್ದಿಲ್ಲ.

ಆದರೂ ಊರು ಒಪ್ಪಿದ್ದು ಹೋದ ವರ್ಷದ ಸುಗ್ಗಿಯಲ್ಲಿ.

ಮೊಳಕಾಲ್ಮುರು ಕಡೆಯ ಕಾಟಪ್ಪ ಹೆಸರಾಂತ ಮರ ಹತ್ತುವವರು. ಬರಿಗಾಲು, ಬರಿಗೈ. ಜುಂಜಮ್ಮನನ್ನು ಕಂಡಾಗಲೆಲ್ಲ, "ಹಗ್ಗ ಕಟ್ಕಂಡು ಮರ ಹತ್ತೋದಾ? ಮಗೀಗೆ ಉಡಿದಾರ ಕಟ್ದಂಗೈತೆ" ಎಂದು ಆಡಿಕೊಳ್ಳುತ್ತಿದ್ದವರು. ಅಂದು ಗುಡ್ಡದ ಓರೆಯ ಮರದಲ್ಲಿ ಅವರು ನಿಂತಿದ್ದ ಕೊಂಬೆ ಸೀಳಿತು. ಹತ್ತಡಿ ಕೆಳಗಿನ ಕವಲಿಗೆ ಬಂದು ಬಿದ್ದರು. ತೊಡೆ ಮುರಿಯಿತು, ಪಾದ ಕವಲಿನಲ್ಲಿ ಸಿಕ್ಕಿಕೊಂಡಿತು. ನೆಲದಿಂದ ನಲವತ್ತು ಅಡಿ. ಬಂಡೆಗಳ ನಡುವೆ ಅಗ್ನಿಶಾಮಕದವರ ಏಣಿಯ ಗಾಡಿ ಬರಲು ದಾರಿಯೇ ಇಲ್ಲ. ಯಾರೋ ಜುಂಜಮ್ಮನಿಗೆ ಫೋನು ಮಾಡಿದರು.

ಮಾರುತೇಶನ ಬೈಕಿನಲ್ಲಿ ಬಂದವರು ಮೊದಲು ಮಾಡಿದ್ದು ಮರವನ್ನು ಸುತ್ತು ಹಾಕಿದ್ದು. ಜನ ರೇಗಿದರು. ಮೊದಲ ಎಸೆತಕ್ಕೇ ದಾರ ಒಂದು ಕೊಂಬೆಗೆ ಬಿತ್ತು. "ಸಾಕು, ಹತ್ತಮ್ಮ!" ಎಂದು ಕೂಗಿದರು. ಆ ಕೊಂಬೆಯಲ್ಲಿ ಒಂದೆಲೆಯೂ ಇರಲಿಲ್ಲ. ಜುಂಜಮ್ಮ ದಾರ ಎಳೆದುಕೊಂಡು ಮತ್ತೆ ಎಸೆದರು. ಮೂರನೆಯ ಸಲಕ್ಕೆ ಬೇಕಾದ ಹಸಿ ಕವಲು ಸಿಕ್ಕಿತು. ಅಷ್ಟಾದ ಮೇಲೂ ಇಬ್ಬರೂ ಜೋತುಬಿದ್ದು ನೋಡಿದರು.

"ಮೇಲೆ ಇಬ್ರ ಭಾರ ಬೀಳೋದಿತ್ತು. ಅವಸರ ಮಾಡಿದ್ರೆ ಹೆಣ ಎರಡಾಗ್ತಿದ್ವು," ಎನ್ನುತ್ತಾರೆ.

ಮೇಲೆ ಕಾಟಪ್ಪ ಕಾಂಡವನ್ನು ಎರಡೂ ತೋಳಲ್ಲಿ ತಬ್ಬಿಕೊಂಡಿದ್ದರು. ಮುಖ ಬೂದಿ. ಜುಂಜಮ್ಮ ಅವರ ಸೊಂಟಕ್ಕೂ ತೊಡೆಗಳಿಗೂ ಜೊತೆಗೆ ತಂದಿದ್ದ ಬಿಡಿ ಪಟ್ಟಿ ಸುತ್ತಿ, ತಮ್ಮ ಹಗ್ಗಕ್ಕೇ ಸಿಕ್ಕಿಸಿದರು. ಆದರೆ ಪಾದ ಬಿಡಿಸಬೇಕಾದರೆ ಮೈಯನ್ನು ಕೊಂಚ ಎತ್ತಬೇಕು. ಎತ್ತಬೇಕಾದರೆ ಅವರು ಕಾಂಡ ಬಿಡಬೇಕು.

"ಅಣ್ಣಾ, ಕೈ ಬಿಡು."

"ವದ್ದಮ್ಮಾ. ಬಿಟ್ರೆ ಹೋಗ್ತೀನಿ." ಗಾಬರಿಗೆ ಬೇಡ ಎನ್ನಲೂ ಅವರ ಬಾಯಲ್ಲಿ ಮನೆಮಾತಿನ ತೆಲುಗು ಬಂದಿತ್ತು.

"ಹೋಗಲ್ಲ. ನೀನೀಗ ಮರದ ಮೇಲಿಲ್ಲ, ನನ್ನ ಹಗ್ಗದ ಮೇಲಿದ್ದೀಯ."

ಕಾಟಪ್ಪ ಬಿಡಲಿಲ್ಲ. ಜುಂಜಮ್ಮ ಬಲವಂತ ಮಾಡಲಿಲ್ಲ. ಅವರೆದುರೇ ತಾವು ಹಿಡಿದಿದ್ದ ಕೊಂಬೆಯನ್ನು ಬಿಟ್ಟು, ಎರಡೂ ಕೈಗಳನ್ನು ಗಾಳಿಯಲ್ಲಿ ಚಾಚಿ ಹಾಗೇ ತೂಗುತ್ತ ಕೂತರು. ಕಾಟಪ್ಪ ಆ ಖಾಲಿ ಕೈಗಳನ್ನು ನೋಡಿದರು. ಮೊದಲು ಒಂದು ತೋಳು ಸಡಿಲಿತು, ಆಮೇಲೆ ಇನ್ನೊಂದು. ಜುಂಜಮ್ಮ ಅವರನ್ನು ಎದೆಗೊರಗಿಸಿಕೊಂಡು ಪಾದವನ್ನು ಮೆಲ್ಲಗೆ ಎಳೆದು ಬಿಡಿಸಿದರು.

"ಮಾರುತೇಶಾ, ಇಳ್ಸು!"

ಬುಡದ ಬಿಗಿಯಿಂದ ಮಾರುತೇಶ ಹಗ್ಗವನ್ನು ಗೇಣು ಗೇಣಾಗಿ ಬಿಟ್ಟ. ಒಂದೇ ಹಗ್ಗದಲ್ಲಿ ಇಬ್ಬರು, ಬಾವಿಗೆ ಇಳಿಯುವ ಕೊಡದಷ್ಟು ನಿಧಾನವಾಗಿ ನೆಲಕ್ಕೆ ಬಂದರು. ಕೂಗಾಡುತ್ತಿದ್ದವರೇ ಮುಂದೆ ಬಂದು ಕಾಟಪ್ಪನನ್ನು ಹಿಡಿದು ಮಲಗಿಸಿದರು. ಕಾಟಪ್ಪನ ಹೆಂಡತಿ ಗೀತಮ್ಮ ಮೊದಲು ಗಂಡನನ್ನು ಮುಟ್ಟಿ ನೋಡಿದರು, ಆಮೇಲೆ ಹಗ್ಗವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

ಅದಾದ ಮೇಲೆ ತಮ್ಮ ತಾಲ್ಲೂಕಿನಿಂದಲೂ ಮೊಳಕಾಲ್ಮುರು ತಾಲ್ಲೂಕಿನಿಂದಲೂ ಕರೆ ಬರುತ್ತದೆ. ಹೊಗಳಿಕೆ ಮಾತ್ರ ಜುಂಜಮ್ಮನಿಗೆ ಇರುಸುಮುರುಸು. "ಮೇಷ್ಟ್ರು ಹೇಳ್ಕೊಟ್ಟಿದ್ದು ಮಾಡ್ದೆ, ಅದರಾಗೇನೈತೆ?" ಎಂದು ಮಾತು ತಿರುಗಿಸುತ್ತಾರೆ. ಅವರ ಚಿಂತೆ ಬೇರೆ. ಈ ಕೆಲಸದ ಮೊದಲ ನಿಯಮವೇ, ಒಬ್ಬರು ಮೇಲಿದ್ದಾಗ ಹತ್ತಿ ಬರಬಲ್ಲ ಇನ್ನೊಬ್ಬರು ಕೆಳಗಿರಬೇಕು ಎನ್ನುವುದು. ಮಾರುತೇಶನಿಗೆ ಎತ್ತರದಲ್ಲಿ ತಲೆ ತಿರುಗುತ್ತದೆ. ಇಷ್ಟು ವರ್ಷ ಜುಂಜಮ್ಮನಿಗಾಗಿ ಹತ್ತಿ ಬರುವವರು ಯಾರೂ ಇರಲಿಲ್ಲ.

ಈಗ ಒಬ್ಬರು ಸಿಕ್ಕಿದ್ದಾರೆ. ತೊಡೆ ಕೂಡಿಕೊಂಡ ಮೇಲೆ, ಎರಡು ತಿಂಗಳ ಹಿಂದೆ, ಕಾಟಪ್ಪ ಕುಂಟುತ್ತ ಬಂದು, "ನಂಗೂ ಆ ಗಂಟು ಹೇಳ್ಕೊಡಮ್ಮ" ಎಂದರಂತೆ. ನಿನ್ನೆ ಇಪ್ಪತ್ತಡಿ ಏರಿದ್ದಾರೆ. ಐವತ್ತೆರಡರ ಶಿಷ್ಯನನ್ನು ಜುಂಜಮ್ಮ ಬೈಯುತ್ತಲೇ ಕಲಿಸುತ್ತಾರೆ.

"ಇನ್ನೊಂದ್ ಜೊತೆ ಸಾಮಾನು ಬೇಕು, ಅದೊಂದೇ ಆಸೆ," ಎನ್ನುತ್ತಾರೆ ಅವರು, ಕೊಂಬೆ ಇಳಿಸಿ ಬಂದು ಪಟ್ಟಿ ಬಿಚ್ಚುತ್ತ. "ಆಮೇಲೆ ಎಷ್ಟೆತ್ತರದ ಮರ ಆದ್ರೂ ಹತ್ತೀನಿ. ನಾನು ಕೂಗಿದ್ರೆ ಕಾಟಪ್ಪಣ್ಣ ಬರ್ತಾನೆ."