ಇಳಿಜಾರಿನಲ್ಲಿ ಕಾರನ್ನು ಹಿಡಿದದ್ದು ಯಾರು?

ಇಳಿಜಾರಿನಲ್ಲಿ ಕಾರು ತಾನಾಗಿ ನಿಂತರೆ ನೀವೇನು ಮಾಡುತ್ತೀರಿ? ನಮ್ಮ ಕಾಕು, ಅಂದರೆ ಚಿಕ್ಕಮ್ಮ, ಕೈಮುಗಿಯುತ್ತಾಳೆ.

ಕಳೆದ ಭಾನುವಾರ ಇಳಕಲ್ಲಿನಿಂದ ಬಾದಾಮಿಗೆ ಹೊರಟಿದ್ದೆವು. ಒಳರಸ್ತೆ, ಮುಸ್ಸಂಜೆ. ಸ್ಟೀರಿಂಗ್ ಹಿಡಿದವನು ಕಾಕುವಿನ ಮಗ ಮಲ್ಲು. ಇಳಿಜಾರು ಕಂಡರೆ ಸಾಕು, ನ್ಯೂಟ್ರಲ್‌ಗೆ ಹಾಕುತ್ತಾನೆ (ಪೆಟ್ರೋಲ್ ಉಳಿಯುತ್ತದಂತೆ!). ಒಂದು ತಿರುವು ದಾಟಿದೆವು. ಎದುರಿಗೆ ರಸ್ತೆ ಕೆಳಗಿಳಿಯುತ್ತಿತ್ತು. ಕಾರು ಮಾತ್ರ ನಿಧಾನವಾಯಿತು. ನಿಂತಿತು. ಆಮೇಲೆ ಹಿಂದಕ್ಕೆ, ಏರಿನ ಕಡೆಗೆ, ಸದ್ದಿಲ್ಲದೆ ಉರುಳತೊಡಗಿತು.

ಮಲ್ಲು ಬ್ರೇಕ್ ಒತ್ತಿದ.

“ನಿಮ್ಮ ಕಾಕಾ ತೀರಿದ್ದು ಆ ತಿರುವಿನಾಗ,” ಎಂದಳು ಕಾಕು. “ಪ್ರತಿ ಸಲ ಹಿಂಗ ಗಾಡಿ ಹಿಡೀತಾರ. ನಮ್ಮನ್ನ ಬಿಟ್ಟು ಹೋಗಿಲ್ಲ ಅವರು.”

ನನ್ನನ್ನು ಓದುವವರಿಗೆ ಗೊತ್ತು, ನಾನು ವಾದ ಬಿಡುವವಳಲ್ಲ. ಕೆಳಗಿಳಿದು ರಸ್ತೆಗೆ ಬಾಟಲಿ ನೀರು ಸುರಿದೆ. ನೀರೂ ಏರಿನ ಕಡೆಗೇ ಹರಿಯಿತು.

“ಅಕ್ಕಾ, ನೀರಿಗೂ ದೆವ್ವ ಬಡದೈತೇನ?” ಎಂದ ಮಲ್ಲು.

“ಕಾಕು, ಇದು ಇಳಿಜಾರಲ್ಲ, ಏರು. ಸುತ್ತಲ ಗುಡ್ಡ ಓರಿ ಅದಾವ, ಭೂಮಿ-ಆಕಾಶ ಕೂಡೂ ಗೆರಿ ಕಾಣಂಗಿಲ್ಲ. ಕಣ್ಣಿಗೆ ಮೋಸ ಆಗ್ತೈತಿ. ಗಾಡಿ ಹಿಡಿಯೋರು ಯಾರೂ ಇಲ್ಲ.”

ಗೆದ್ದೆ ಎಂದುಕೊಂಡೆ.

ಕಾಕು ಇಳಿದು ಬಂದಳು. ನೀರು ಹೋದ ದಾರಿಯನ್ನೇ ನೋಡಿದಳು. “ಹಂಗಾರ ಬಾದಾಮಿ ಕಡಿಂದ ಬರೋರಿಗೆ?”

“ಏರು ಕಂಡಂಗ ಆಗ್ತೈತಿ. ಖರೆ ಅಂದ್ರ ಇಳಿಜಾರು...”

ಕಾಕಾ ಅಂದು ಬರುತ್ತಿದ್ದುದು ಬಾದಾಮಿಯಿಂದ. ಏರೆಂದು ತಿಳಿದು ಎಕ್ಸಲರೇಟರ್ ಒತ್ತಿರಬೇಕು. ಏರಿನಲ್ಲಿ ಗಾಡಿ ಹೇಗೆ ಕೈತಪ್ಪಿತು ಎಂದು ಊರೆಲ್ಲ ಕೇಳಿತ್ತು (ಕುಡಿದಿದ್ದ ಎಂದವರೂ ಇದ್ದರು).

“ಅಂದ್ರ ಹಿಡಿಯೋರು ಯಾರೂ ಇರಲಿಲ್ಲ,” ಎಂದಳು ಕಾಕು. “ದೂಡೂ ಇಳಿಜಾರೊಂದ ಇತ್ತು.”

ಆಗಲೇ ಬಾದಾಮಿ ಕಡೆಯಿಂದ ಎರಡು ದೀಪ ಕಂಡವು. ‘ಏರು’ ಹತ್ತಲು ಎಂಜಿನ್ ಜೋರು ಮಾಡಿದ ಸದ್ದು. ನಾನು ಕೂಗುವಷ್ಟರಲ್ಲಿ ಕಾಕು ರಸ್ತೆಯ ನಡುವೆ ನಿಂತಿದ್ದಳು, ತಲೆಯ ಮೇಲೆ ಸೆರಗು, ಎರಡೂ ಕೈ ಮುಂದೆ ಚಾಚಿ.

ಬ್ರೇಕ್ ಕಿರುಚಿತು. ಕಾರು ನಿಂತಿತು. ಚಾಲಕ ಕಾಕುವಿನ ಮುಖ ನೋಡಿದ, ಕಿಟಕಿ ಇಳಿಸಲಿಲ್ಲ. ಪಕ್ಕದಿಂದ ನುಸುಳಿ, ತಿರುವನ್ನು ಆಮೆಯಂತೆ ದಾಟಿದ.

ಈಗ ಹೇಳಿ, ಅವನು ಊರು ಮುಟ್ಟಿ ತಾನು ಕಂಡದ್ದನ್ನು ಹೇಳುವಾಗ, ‘ದೆವ್ವ ಇಲ್ಲ’ ಎಂದು ಯಾವ ಬಾಯಿಂದ ವಾದಿಸಲಿ?