ನಿಂತಲ್ಲೆಲ್ಲ ಒಂದು ಗಂಟು

ಡ್ರೈವರಣ್ಣ ಕುಳಿತದ್ದನ್ನು ನಾನು ನೋಡಿ ಬಹಳ ಕಾಲವಾಯಿತು. ಆಯುಷ್ಯದ ಬಹುಭಾಗವನ್ನು ಬಸ್ಸಿನ ಸೀಟಿನ ಮೇಲೆ ಕಳೆದ ಮನುಷ್ಯನಿಗೆ ಕೊನೆಗೆ ಆ ಸೀಟೇ ಮುನಿಯಿತು. ಬೆನ್ನುಮೂಳೆ ಸವೆದಿದೆ, ಇನ್ನು ಸ್ಟೇರಿಂಗ್ ಮುಟ್ಟಬೇಡಿ ಎಂದು ವೈದ್ಯರು ಹೇಳಿದ ಮೇಲೆ ಅವರು ಮನೆ ಸೇರಿದರು. ಕುಳಿತರೆ ನೋವು, ಮಲಗಿದರೆ ಬೇಸರ. ಹೀಗಾಗಿ ದಿನವೆಲ್ಲ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿರುತ್ತಿದ್ದರು. ದಾರಿಹೋಕರು, “ಏನ್ ಡ್ರೈವರಣ್ಣ, ಬಸ್ಸಿಗೆ ಕಾಯ್ತಿದ್ದೀರಾ?” ಎಂದು ತಮಾಷೆ ಮಾಡಿದರೆ, “ಹೂಂ, ಯಾವ ಡ್ರೈವರೂ ಟೈಮಿಗೆ ಬರಲ್ಲ” ಎನ್ನುತ್ತಿದ್ದರು.

ನಾನು ಪಾಠ ಹೇಳುತ್ತಿದ್ದ ಶಾಲೆ ಅವರ ಬಸ್ಸಿನ ದಾರಿಯಲ್ಲಿತ್ತು. ಎಷ್ಟೋ ವರ್ಷ ನನಗೆ ಪರಿಚಯವಿದ್ದದ್ದು ಅವರ ಕತ್ತಿನ ಹಿಂಭಾಗ ಮಾತ್ರ. ಮುಖ ಪರಿಚಯವಾದದ್ದು ನಾನು ಅವರ ಬೀದಿಗೆ ಮನೆ ಬದಲಿಸಿದ ಮೇಲೆ.

ಅವರ ಮನೆಯಾಕೆಯನ್ನು ಬೀದಿಯವರೆಲ್ಲ ಟೈಲರಕ್ಕ ಎಂದು ಕರೆಯುತ್ತಿದ್ದರು. ಮದುವೆಗೆ ಮುಂಚೆ ಮಾರುಕಟ್ಟೆಯ ಹೊಲಿಗೆ ಅಂಗಡಿಯಲ್ಲಿ, ಆಮೇಲೆ ಮನೆಯಲ್ಲಿ, ಆಕೆ ಹೊಲಿಯುತ್ತಲೇ ಬಂದವರು. ಗಿರಾಕಿಗಳ ಬಟ್ಟೆ ಕತ್ತರಿಸಿ ಉಳಿದ ಚೂರುಗಳನ್ನು ಎಸೆಯುತ್ತಿರಲಿಲ್ಲ. ಬಿಡುವಾದಾಗ ಚೂರಿಗೆ ಚೂರು ಕೂಡಿಸಿ ಕೌದಿಗೆಂದು ಮೇಲುಬಟ್ಟೆ ಜೋಡಿಸುತ್ತಿದ್ದರು. ಆದರೆ ಮೇಲುಬಟ್ಟೆಯೊಂದರಿಂದ ಕೌದಿಯಾಗುವುದಿಲ್ಲ. ಅದರ ಕೆಳಗೆ ಹತ್ತಿಯ ಪದರ, ಅದರ ಕೆಳಗೆ ಅಡಿಬಟ್ಟೆ. ಮೂರನ್ನೂ ಸೇರಿಸಿ ಉದ್ದಗಲಕ್ಕೂ ಹೊಲಿಗೆ ಹಾಕಬೇಕು. ಅಷ್ಟು ದಪ್ಪದ ಸುರುಳಿ ಆಕೆಯ ಚಿಕ್ಕ ಮಷಿನ್ನಿನ ಕೊರಳಿನಡಿ ತೂರುತ್ತಿರಲಿಲ್ಲ. “ಮುಂದೆ ನೋಡೋಣ” ಎಂದು ಮಡಿಸಿ ಮಂಚದ ಕೆಳಗಿನ ಟ್ರಂಕಿನಲ್ಲಿ ಇಡುವರು. ಹಾಗೆ ಇಟ್ಟದ್ದು ಟ್ರಂಕಿನ ಬಾಯಿಯವರೆಗೆ ತುಂಬಿತ್ತು.

ಅಷ್ಟರಲ್ಲಿ ಕಣ್ಣು ಕೈಕೊಟ್ಟಿತು. ಮೊದಲು ಸೂಜಿಯ ಕಣ್ಣು ಕಾಣದಾಯಿತು, ಆಮೇಲೆ ನೂಲಿನ ಬಣ್ಣ, ಆಮೇಲೆ ಎದುರಿಗೆ ನಿಂತವರ ಮುಖ. ಕಣ್ಣಿನ ಒಳಗಿನ ನರವೇ ಒಣಗುತ್ತಿದೆ, ಕನ್ನಡಕದಿಂದಾಗಲಿ ಶಸ್ತ್ರಚಿಕಿತ್ಸೆಯಿಂದಾಗಲಿ ಉಪಯೋಗವಿಲ್ಲ ಎಂದರು ವೈದ್ಯರು. ಆ ದಿನ ಆಸ್ಪತ್ರೆಯಿಂದ ಬಂದ ಟೈಲರಕ್ಕ ಮಷಿನ್ನಿಗೆ ಬಟ್ಟೆ ಹೊದಿಸಿದರು. ಮತ್ತೆ ತೆಗೆಯಲಿಲ್ಲ.

ಡ್ರೈವರಣ್ಣನ ತಲೆಗೆ ಹುಳು ಹೊಕ್ಕಿದ್ದು ಆಗಲೇ. ಒಂದು ದಿನ ಬೆಳಿಗ್ಗೆ ನನ್ನ ಮನೆಗೆ ಬಂದು, “ಮೇಷ್ಟ್ರೇ, ಪೇಟೆಯ ಆ ತುದೀಲಿ ಒಬ್ಬರು ಕೌದಿ ಹೊಲಿಯೋ ದೊಡ್ಡ ಮಷಿನ್ ಮಾರ್ತಿದ್ದಾರಂತೆ. ಹಳೇದು. ನಿಂತ್ಕೊಂಡೇ ಹೊಲಿಯೋದಂತೆ! ಬರ್ತೀರಾ?” ಎಂದರು.

“ನಿಮಗೆ ಗುಂಡಿ ಹಾಕೋಕೆ ಬರುತ್ತಾ?”

“ಬರಲ್ಲ. ಆದ್ರೆ ಬೆನ್ನ ಹಿಂದೆ ಇಬ್ಬರು ಹೊಡೆದಾಡ್ತಿದ್ರೂ ಬಸ್ಸು ಗೆರೆ ಬಿಡದ ಹಾಗೆ ಓಡಿಸಿದ್ದೀನಿ. ಕೈ ಕೈಯೇ ಅಲ್ವಾ?”

ಮಾರುವವರು ವಯಸ್ಸಾದ ಹೆಂಗಸು. ಬಹುಕಾಲ ಕೌದಿ ಹೊಲಿದುಕೊಡುವ ಅಂಗಡಿ ನಡೆಸಿದವರು. ಭುಜ ಹಿಡಿದುಕೊಂಡದ್ದರಿಂದ ಅಂಗಡಿ ಮುಚ್ಚುತ್ತಿದ್ದರು. ಕೌದಿಯಮ್ಮ ಎಂದೇ ಅವರನ್ನು ಕರೆಯುತ್ತಿದ್ದರು. ಅವರ ಯಂತ್ರವೋ, ಕೋಣೆಯ ಈ ಗೋಡೆಯಿಂದ ಆ ಗೋಡೆಯವರೆಗೆ ಚಾಚಿತ್ತು. ಸಾಮಾನ್ಯ ಮಷಿನ್ನಿನಲ್ಲಿ ಮಷಿನ್ ನಿಂತಿರುತ್ತದೆ, ಬಟ್ಟೆ ಚಲಿಸುತ್ತದೆ. ಇಲ್ಲಿ ಬಟ್ಟೆ ಎರಡು ಉರುಳೆಗಳ ನಡುವೆ ಬಿಗಿದು ನಿಂತಿರುತ್ತದೆ. ಉದ್ದ ಕತ್ತಿನ ಮಷಿನ್ನೇ ಗಾಲಿಗಳ ಮೇಲೆ ಹಳಿಯಲ್ಲಿ ಓಡಾಡುತ್ತದೆ. ಹಿಡಿಕೆ ಹಿಡಿದು ನಿಂತು ನಡೆಸಬೇಕು.

ಡ್ರೈವರಣ್ಣನ ಕಣ್ಣು ಹೊಳೆಯಿತು. ಗಾಲಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು, ಹಳಿಯ ಮೇಲೆ ಬೆರಳಾಡಿಸಿದರು, ಮೋಟರಿಗೆ ಕಿವಿಯಿಟ್ಟರು, ಬೆನ್ನುನೋವು ಮರೆತು ಚೌಕಟ್ಟಿನ ಕೆಳಗೂ ನುಸುಳಿದರು. ಕೌದಿಯಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು.

“ಎಮ್ಮೆ ಕೊಳ್ಳೋಕೆ ಬಂದೋರು ಹಾಲು ಕರೆದು ನೋಡದೆ ಕೊಂಬು ಸವರ್ತಾ ನಿಂತ ಹಾಗಾಯ್ತು. ಹೊಲಿದು ನೋಡೋಕೆ ಬಟ್ಟೆ ತಂದಿದ್ದೀರಾ?”

ತಂದಿರಲಿಲ್ಲ. ಹೊಲಿಗೆ ಯಂತ್ರ ಕೊಳ್ಳಲು ಹೊರಟವನು ಬಟ್ಟೆಯ ತುಂಡು ಒಯ್ಯಬೇಕೆಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಅವರೇ ಒಂದು ಹಳೆಯ ಬಟ್ಟೆ ಬಿಗಿದು ಹಿಡಿಕೆ ಕೊಟ್ಟರು. ಡ್ರೈವರಣ್ಣ ಮೋಟರು ಚಾಲೂ ಮಾಡಿ ಮಷಿನ್ನನ್ನು ಎಡದಿಂದ ಬಲಕ್ಕೆ ನಡೆಸಿದರು. ತುದಿ ಮುಟ್ಟಿದಾಗ ಕೈ ನಿಲ್ಲಿಸಿ ನಮ್ಮ ಕಡೆ ತಿರುಗಿ ನಕ್ಕರು. ಮೋಟರು ಓಡುತ್ತಲೇ ಇತ್ತು. ಸೂಜಿ ನಿಂತಲ್ಲೇ ಕುಟ್ಟುತ್ತಿತ್ತು. ಕೌದಿಯಮ್ಮ ಹಾರಿಬಂದು ಗುಂಡಿ ಒತ್ತಿ ಆರಿಸಿದರು. ಆ ಜಾಗದಲ್ಲಿ ನೂಲು ನೂಲಿನ ಮೇಲೆ ಕೂತು ಕಾಳಿನಂಥ ಗಂಟು ಎದ್ದಿತ್ತು.

“ಇದು ಹಳೇ ಕಾಲದ ಮಷಿನ್ನು. ನಿಮ್ಮ ಕೈ ನಿಂತ್ರೆ ಸೂಜಿ ನಿಲ್ಲಲ್ಲ. ಮೊದಲು ಮೋಟರು ಆರಿಸ್ಬೇಕು, ಆಮೇಲೆ ಕೈ ನಿಲ್ಲಿಸ್ಬೇಕು.”

“ಅಮ್ಮಾ, ಸ್ಟಾಪಲ್ಲಿ ಎಂಜಿನ್ ಆರಿಸಿದ್ರೆ ಮತ್ತೆ ಹತ್ತುತ್ತೋ ಇಲ್ವೋ ಅನ್ನೋ ಬಸ್ಸು ಓಡಿಸಿದೋನು ನಾನು.”

“ಇದು ಬಸ್ಸಲ್ಲ. ಯಾರಿಗೆ ಹೊಲಿಯೋಕೆ ಈ ಮಷಿನ್?”

ಡ್ರೈವರಣ್ಣ ಟ್ರಂಕಿನ ವಿಷಯ ಹೇಳಿದರು. ಆಕೆಗೆ ಇನ್ನೂ ಅಷ್ಟಿಷ್ಟು ಕಾಣುತ್ತಿದೆ, ಪೂರ್ತಿ ಕತ್ತಲಾಗುವ ಮುಂಚೆ ಒಂದಾದರೂ ಕೌದಿ ಮುಗಿಸಿ ಕೈಗಿಡಬೇಕು ಎಂದರು. ಕೌದಿಯಮ್ಮನ ದನಿ ಇಳಿಯಿತು.

“ಅವರನ್ನ ಕೇಳಿದ್ರಾ?”

ಡ್ರೈವರಣ್ಣ ಬೆಲೆ ಎಷ್ಟೆಂದು ಕೇಳಿದರು.

ಯಂತ್ರ ಬಂತು. ಮುಂದಿನ ಕೋಣೆಯನ್ನೆಲ್ಲ ಅದೇ ಆಕ್ರಮಿಸಿತು. ಕುರ್ಚಿಗಳು ಅಡುಗೆಮನೆ ಸೇರಿದವು, ಬಂದವರೂ ಅಲ್ಲಿಯೇ ಕೂರಬೇಕಾಯಿತು. ಟೈಲರಕ್ಕ ಗೋಡೆ ಹಿಡಿದು ಬಂದು, ಯಂತ್ರವನ್ನು ಈ ತುದಿಯಿಂದ ಆ ತುದಿಯವರೆಗೆ ತಡವಿದರು.

“ಬಸ್ಸು ಬಿಡಿಸಿದ್ರೂ ನಿಮ್ಮ ಆಸೆ ಬಿಡಲಿಲ್ಲ. ಮನೆ ಒಳಗೇ ಒಂದು ತಂದು ನಿಲ್ಲಿಸಿದ್ರಿ.”

“ನಿನ್ನ ಮೇಲುಬಟ್ಟೆ ಇದೆಯಲ್ಲೇ, ಅದಕ್ಕೆ.”

ಆಕೆಯ ಮುಖ ಗಂಟಿಕ್ಕಿತು. “ಅದನ್ನ ಮುಟ್ಟಬೇಡಿ.”

“ಕಲೀತೀನಿ ಕಣೇ. ತಪ್ಪಾದ್ರೆ ಬಿಚ್ಚಿದ್ರಾಯ್ತು.”

“ಬಿಚ್ಚಿದ್ರೂ ಸೂಜಿ ತೂತು ಹೋಗಲ್ಲ ರೀ. ಮುಂಚೆ ಆಗಿದ್ರೆ ನೀವು ಕೆಡಿಸಿದ್ದನ್ನ ನಾನು ಕೂತು ಸರಿ ಮಾಡ್ತಿದ್ದೆ. ಈಗ ಯಾರು ಮಾಡ್ತಾರೆ? ಇದ್ದ ಹಾಗೇ ಇರಲಿ. ಕಣ್ಣಿದ್ದಾಗ ನೆಟ್ಟಗೆ ಮಾಡಿದ ಕೆಲಸ ಅಂತ ಉಳಿದಿರೋದು ಅದೊಂದೇ.”

ಅಷ್ಟು ಹೇಳಿ ಒಳಗೆ ಹೋಗಿ ಮಂಚದ ಮೇಲೆ ಕುಳಿತರು. ಟ್ರಂಕಿಗೆ ಕಾವಲು ಕೂತಂತೆ. ಅಡುಗೆಮನೆಯಲ್ಲಿ ಕುಳಿತಿದ್ದ ನಾನು ಎದ್ದು ಮನೆಗೆ ಹೊರಟೆ.

ಮರುದಿನದಿಂದ ಅವರು ಹಳೆಯ ಹಾಸುಬಟ್ಟೆಗಳ ಮೇಲೆ ಕೈ ಪಳಗಿಸತೊಡಗಿದರು. ಕೌದಿಯಮ್ಮ ಹೂವಿನ ನಮೂನೆ ಬರೆದುಕೊಟ್ಟಿದ್ದರು. ಡ್ರೈವರಣ್ಣನ ಹೂವು ಎಲೆಕೋಸಿನಂತೆ ಬಂತು, ಬಳ್ಳಿ ಹಗ್ಗದಂತೆ ಬಂತು. ಹಿಡಿಕೆಯನ್ನು ಸ್ಟೇರಿಂಗಿನಂತೆ ಅಮುಕಿ ಹಿಡಿಯುತ್ತಿದ್ದರಿಂದ ತಿರುವಿನಲ್ಲೆಲ್ಲ ಮೂಲೆ ಏಳುತ್ತಿತ್ತು. ಮೇಲಾಗಿ, ನಿಂತಲ್ಲೆಲ್ಲ ಗಂಟು. ಕೈ ನಿಲ್ಲುವ ಮುಂಚೆ ಮೋಟರು ಆರಿಸಬೇಕೆಂದು ತಮಗೆ ತಾವೇ ಗಟ್ಟಿಯಾಗಿ ಹೇಳಿಕೊಳ್ಳುವರು, ಆದರೂ ಮರೆಯುವರು. ಹುಟ್ಟುಗುಣ ಸುಟ್ಟರೂ ಹೋಗದು ಎಂಬಂತೆ ಅವರ ಕೈಗೆ ಎಂಜಿನ್ ಆರಿಸುವ ಪಾಠ ಹತ್ತಲೇ ಇಲ್ಲ.

ಈ ನಡುವೆ ಒಳಗೆ ಮಂಚದ ಮೇಲೆ ಕತ್ತಲೆ ಹೆಚ್ಚುತ್ತಿತ್ತು. ಕಿಟಕಿ ಇರುವ ಕಡೆ ಬೆಳಕು, ಉಳಿದೆಡೆ ಬೂದು. ಅಷ್ಟೇ ಉಳಿದಿದೆ ಎಂದು ಟೈಲರಕ್ಕ ಒಮ್ಮೆ ನನಗೆ ಹೇಳಿದರು. ಹೊರಗಿನಿಂದ ಯಂತ್ರದ ಸದ್ದು ಕೇಳಿ, “ನಮ್ಮೆಜಮಾನ್ರು ಇವತ್ತು ಎಷ್ಟು ಜನರನ್ನ ಗುದ್ದಿದ್ರು, ಮೇಷ್ಟ್ರೇ?” ಎಂದು ನಗಿಸಿದರು. ತಾವು ಮಾತ್ರ ನಗಲಿಲ್ಲ.

ಹೂವು ಬಳ್ಳಿಗಳಿಂದ ಸೋತು, ಡ್ರೈವರಣ್ಣ ಒಂದು ದಿನ ನಮೂನೆಯ ಕಾಗದವನ್ನು ಪಕ್ಕಕ್ಕಿಟ್ಟರು. ತಮಗೆ ಕಣ್ಣು ಮುಚ್ಚಿದರೂ ಬರುವ ಒಂದೇ ಒಂದು ಗೆರೆಯನ್ನು ಹಾಸುಬಟ್ಟೆಯ ಮೇಲೆ ಬಿಟ್ಟರು: ಡಿಪೊದಿಂದ ಕೊನೆಯ ನಿಲ್ದಾಣದವರೆಗಿನ ತಮ್ಮ ದಾರಿ. ಮಾರುಕಟ್ಟೆಯ ಸುತ್ತು, ಶಾಲೆಯ ಮುಂದಿನ ನೇರ ರಸ್ತೆ, ಸೇತುವೆಯ ಇಳಿಜಾರು ಎಲ್ಲವೂ ಒಂದೇ ಹೊಲಿಗೆಯಲ್ಲಿ ಸಲೀಸಾಗಿ ಹರಿದವು. ಗಂಟುಗಳಂತೂ ಇದ್ದೇ ಇದ್ದವು. “ಇದೂ ಕೆಟ್ಟಿತು” ಎಂದು ಬಟ್ಟೆಯನ್ನು ಉರುಳೆಗಳಿಂದ ಬಿಡಿಸಿ, ನಾಲ್ಕು ಮಡಿಕೆ ಮಾಡಿ, ಅಡುಗೆಮನೆಯ ಕುರ್ಚಿಯ ಮೇಲೆ ಹಾಕಿದರು.

ಆ ಮಧ್ಯಾಹ್ನ ನಾನು ಅಲ್ಲಿದ್ದೆ. ಟೈಲರಕ್ಕ ಬಂದು ಕುರ್ಚಿ ತಡವಿದರು. ಕೈಗೆ ಬಟ್ಟೆ ಸಿಕ್ಕಿತು. ಕುಳಿತು, ಅದನ್ನು ತೊಡೆಯ ಮೇಲೆ ಬಿಡಿಸಿಕೊಂಡರು. ಕೆಲಸಗಾರರ ಬೆರಳು, ಸುಮ್ಮನಿರುವುದಿಲ್ಲ. ಹೊಲಿಗೆಯ ಉಬ್ಬನ್ನು ಹಿಡಿದು ಹೊರಟವು. ಒಂದು ಗಂಟು ಸಿಕ್ಕಿತು, ನಿಂತರು. ಮುಂದೆ ಹೋದರು, ಇನ್ನೊಂದು. ಒಂದು ದುಂಡನೆಯ ತಿರುವು, ಆಮೇಲೆ ಮತ್ತೊಂದು.

“ರೀ,” ಎಂದು ಕರೆದರು. “ಇದು ಮಾರ್ಕೆಟ್ ಸುತ್ತು ಅಲ್ವಾ?”

ಡ್ರೈವರಣ್ಣ ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ಎಣ್ಣೆ ಒರೆಸುವ ಬಟ್ಟೆಯಿತ್ತು.

“ಇದು ಮೇಷ್ಟ್ರ ಸ್ಕೂಲು. ಇಲ್ಲಿಂದ ನೇರ... ಇದು ಸೇತುವೆ.” ಬೆರಳು ಸರಿಯುತ್ತಿತ್ತು. “ಇದೇನಿದು, ಇಷ್ಟು ದಪ್ಪ?”

ಉಳಿದ ಗಂಟುಗಳು ಕಾಳಿನಂತಿದ್ದರೆ ಇದು ಅಂಗಿಯ ಗುಂಡಿಯಷ್ಟಿತ್ತು.

“ನೀರಿನ ಟ್ಯಾಂಕು,” ಎಂದರು ಡ್ರೈವರಣ್ಣ, ಮೆಲ್ಲಗೆ. “ನಿಂತು ನಿಂತು ಅಭ್ಯಾಸ.”

ನನಗೆ ನೆನಪಾಯಿತು. ಆ ನಿಲ್ದಾಣದಲ್ಲಿ ಬಸ್ಸು ದಿನವೂ ಅಗತ್ಯಕ್ಕಿಂತ ಹೆಚ್ಚು ನಿಲ್ಲುತ್ತಿತ್ತು. “ಡ್ರೈವರೇ, ನಿದ್ದೆ ಬಂತಾ?” ಎಂದು ಹಿಂದಿನಿಂದ ಕೂಗು ಬೀಳುತ್ತಿತ್ತು. ಎಂಜಿನ್ ಗುಡುಗುಡು ಎನ್ನುತ್ತಿರುವಾಗ, ಹೊಲಿಗೆ ಅಂಗಡಿಗೆ ಹೋಗುವ ಹುಡುಗಿಯೊಬ್ಬಳು ಬೀದಿಯ ತುದಿಯಿಂದ ಓಡಿ ಬಂದು ಹತ್ತುತ್ತಿದ್ದಳು.

ಟೈಲರಕ್ಕ ಆ ಗಂಟಿನ ಮೇಲೆ ಹೆಬ್ಬೆರಳಾಡಿಸಿದರು. ಆಮೇಲೆ ಎದ್ದು ಒಳಗೆ ಹೋದರು. ಮಂಚದ ಕೆಳಗಿನಿಂದ ಟ್ರಂಕು ಎಳೆಯುವ ಕರಕರ ಸದ್ದು ಕೇಳಿಸಿತು. ತಡವಿ ತಡವಿ ಒಂದು ಮೇಲುಬಟ್ಟೆಯನ್ನು ಎತ್ತಿ ತಂದು ಗಂಡನ ಕೈಗಿಟ್ಟರು.

“ಇದರ ನಡುವೆ ನಿಮ್ಮ ಹಳೇ ಯೂನಿಫಾರ್ಮಿನ ಚೂರಿದೆ. ಆ ಬಣ್ಣಕ್ಕೆ ಹೊಂದೋ ನೂಲು ಹಾಕಿ, ಇದೇ ದಾರಿ ಹೊಲೀರಿ. ಅವಸರ ಮಾಡ್ಬೇಡಿ.”

ಅವರು ಅವಸರ ಮಾಡಲಿಲ್ಲ. ಅದಕ್ಕೆ ತೆತ್ತ ಬೆಲೆಯೂ ಕಡಿಮೆಯಲ್ಲ. ಕೌದಿ ಮುಗಿದು, ಅಂಚು ಕಟ್ಟಿ, ಆಕೆಯ ತೊಡೆಯ ಮೇಲೆ ಇಡುವ ಹೊತ್ತಿಗೆ ಕಿಟಕಿಯ ಬೆಳಕೂ ಆರಿತ್ತು. ಅಂದುಕೊಂಡದ್ದು ಆಗಲಿಲ್ಲ, ತಮ್ಮ ಮೊದಲ ಕೌದಿಯನ್ನು ಟೈಲರಕ್ಕ ಕಣ್ಣಾರೆ ಕಾಣಲಿಲ್ಲ. ಆ ದಿನ ಡ್ರೈವರಣ್ಣ ಗೋಡೆಯ ಕಡೆ ಮುಖ ಮಾಡಿ ನಿಂತದ್ದನ್ನು ನಾನು ಕಂಡೆ.

ಕೆಲವು ದಿನಗಳ ಮೇಲೆ ಕೌದಿಯಮ್ಮ ತಮ್ಮ ಯಂತ್ರ ಹೇಗಿದೆ ಎಂದು ನೋಡಲು ಬಂದರು. ಕೌದಿಯನ್ನು ಎರಡೂ ಕಡೆ ತಿರುವಿ ನೋಡಿ, “ಹೊಲಿಗೆಯ ಬಿಗಿ ಸರಿಯಾಗಿದೆ, ಅಂಚು ಪರವಾಗಿಲ್ಲ. ಆದ್ರೆ ಈ ಗಂಟು! ಎಷ್ಟು ಸಲ ಬಡ್ಕೊಂಡೆ?” ಎಂದು ಡ್ರೈವರಣ್ಣನನ್ನು ಗದರಿದರು. ಚೀಲದಿಂದ ಹೊಲಿಗೆ ಬಿಚ್ಚುವ ಕೊಕ್ಕೆ ತೆಗೆದು, “ಕೊಡಮ್ಮಾ, ಒಂದೊಂದಾಗಿ ಬಿಚ್ಚಿಕೊಡ್ತೀನಿ” ಎಂದು ಟೈಲರಕ್ಕನ ಪಕ್ಕ ಕುಳಿತರು.

ಟೈಲರಕ್ಕ ಕೌದಿಯನ್ನು ಎದೆಗೆ ಎಳೆದುಕೊಂಡರು.

“ಬೇಡಮ್ಮಾ. ಅದನ್ನ ಬಿಚ್ಚಿಬಿಟ್ರೆ ನಾನೆಲ್ಲಿ ಹತ್ತಲಿ, ಎಲ್ಲಿ ಇಳೀಲಿ?”

ಕೌದಿಯಮ್ಮನಿಗೆ ಅರ್ಥವಾಗಲಿಲ್ಲ. ಟೈಲರಕ್ಕ ಅವರ ಕೈ ಹುಡುಕಿ ಹಿಡಿದು, ತೋರುಬೆರಳನ್ನು ಕೌದಿಯ ಮೂಲೆಯ ಮೊದಲ ಗಂಟಿನ ಮೇಲೆ ಇಟ್ಟರು. “ಇದು ಡಿಪೊ,” ಎಂದರು. “ಬನ್ನಿ.”

ಇಬ್ಬರ ಬೆರಳೂ ನಿಧಾನವಾಗಿ ಹೊರಟವು. ಕೊಕ್ಕೆ ಕೌದಿಯಮ್ಮನ ಇನ್ನೊಂದು ಕೈಯಲ್ಲೇ ಉಳಿಯಿತು. ಮುಂದಿನ ಕೋಣೆಯಲ್ಲಿ ಡ್ರೈವರಣ್ಣ ಟ್ರಂಕಿನ ಎರಡನೆಯ ಮೇಲುಬಟ್ಟೆಯನ್ನು ಉರುಳೆಗೆ ಬಿಗಿಯುತ್ತಿದ್ದರು.