ಅಜ್ಜಿ ಕಳಿಸಿದ ಮರ್ಯಾದೆಯ ಮಣ್ಣು

ಚಿತ್ರದುರ್ಗದ ಸರ್ಕಾರಿ ಶಾಲೆಯಲ್ಲಿ ನಾನು ಮಣ್ಣಿನ ಪಾಠ ಹೇಳುತ್ತಿದ್ದ ಕಾಲ. ರಾಮಗಿರಿಯ ಕಡೆ ಬೇಸಾಯ ಮಾಡುತ್ತಿದ್ದ ಅಜ್ಜಿಯೊಬ್ಬಳಿಗೆ, ಪರೀಕ್ಷೆಗೆಂದು ಒಂದು ಸೇರು ಹೊಲದ ಮಣ್ಣು ಕಳಿಸಲು ಹೇಳಿದ್ದೆ. ಹೊಸ ಕುಡಿಕೆಯಲ್ಲಿ, ಬಾಯಿಗೆ ಬಟ್ಟೆ ಕಟ್ಟಿ, ಮೇಲೆ ವಿಭೂತಿ ಹಚ್ಚಿ ಕಳಿಸಿದಳು.

ಹುಡುಗರೆದುರು ಅದನ್ನು ಒಣಗಿಸಿ ತೂಗಿದೆ. ಕೆಂಪಗೆ ಕಾಯಿಸಿ ಮತ್ತೆ ತೂಗಿದೆ. ಮಣ್ಣಿನಲ್ಲಿ ಕೊಳೆತು ಸೇರಿದ ಎಲೆ, ಸಗಣಿಯ ಅಂಶವೆಲ್ಲ ಬೆಂಕಿಗೆ ಹೋಗುತ್ತದೆ. ಕಡಿಮೆಯಾದ ತೂಕವೇ ಆ ಸಾವಯವದ ಲೆಕ್ಕ ಎಂದು ವಿವರಿಸಿದೆ. ನೋಡಿದರೆ ಕಾಲು ಭಾಗವೇ ಮಾಯ! ಇಂಥ ಹೊಲ ಇಡೀ ಸಂಸ್ಥಾನದಲ್ಲೇ ಇಲ್ಲವೆಂದು ಕೊಚ್ಚಿಕೊಂಡು, ಅದನ್ನು ಕಣ್ಣಾರೆ ನೋಡಲು ಗಾಡಿ ಹತ್ತಿದೆ.

ಹೊಲದಲ್ಲಿ ಇದ್ದದ್ದು ಬರೀ ಗರಸು, ಕಲ್ಲು. ನನ್ನ ಕೋಪವೋ ಸದಾ ಮೂಗಿನ ತುದಿಯಲ್ಲೇ ಇರುವಂಥದ್ದು.

“ಇದೇನಜ್ಜೀ ಇದು?” ಎಂದು ರೇಗಿದೆ.

“ಇಂಥ ಮಣ್ಣು ಸರ್ಕಾರದೋರಿಗೆ ಕಳ್ಸಾಕಾಗ್ತೈತೇನ್ರಿ ಮೇಷ್ಟ್ರೇ? ಮರ್ಯಾದೆ ಬ್ಯಾಡ್ವಾ? ತಿಪ್ಪೆ ತಳದ್ದು ತೆಗೆದು, ಜರಡಿ ಹಿಡ್ದು ಕಳ್ಸಿದ್ದೆ. ಯಾವ ಗಿಡಕ್ಕೆ ಹಾಕಿದ್ರಿ?”

“ಸುಟ್ಟೆ.”

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಅಷ್ಟು ಒಳ್ಳೆ ಗೊಬ್ಬರಾನ ಸುಟ್ರಾ? ಪಾಪ, ನಿಮ್ಮತ್ರ ಕಲಿಯೋ ಹುಡುಗ್ರಿಗೆ ಹೊಲ ಐತೇನ್ರಿ?”